ಗೋಧಿ ಬಿಡುವ ಮುಂಚೆ: ಯಾವ ತೊಂದರೆ, ಯಾವ ಪರೀಕ್ಷೆ, ಯಾವ ಹಿಟ್ಟು

ಹೋಳಿಗೆಗೆ ಕಣಕ ಕಲಸಿ ಗೊತ್ತಿರುವವರಿಗೆ ಗ್ಲುಟೆನ್ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೈದಾ, ಚಿರೋಟಿ ರವೆಗೆ ನೀರು ಹಾಕಿ ನಾದಿ, ಮೇಲೆ ಎಣ್ಣೆ ಸುರಿದು ನೆನೆಯಲು ಬಿಟ್ಟರೆ, ಎರಡು ಗಂಟೆಯ ನಂತರ ಎಳೆದಷ್ಟೂ ಹರಿಯದೆ ಹಿಗ್ಗುತ್ತದಲ್ಲ, ಆ ಜಿಗುಟೇ ಗ್ಲುಟೆನ್. ಗೋಧಿಯಲ್ಲಿರುವ ಪ್ರೋಟೀನು ಅದು. ಅದೇ ಜಾತಿಯದು ಬಾರ್ಲಿಯಲ್ಲೂ ರೈ ಧಾನ್ಯದಲ್ಲೂ ಇದೆ. ಅಕ್ಕಿ ಹಿಟ್ಟಿಗೆ, ರಾಗಿ ಹಿಟ್ಟಿಗೆ ಎಷ್ಟು ನಾದಿದರೂ ಆ ಗುಣ ಬರುವುದಿಲ್ಲ. ಅದಕ್ಕೇ ನಾವು ರೊಟ್ಟಿಯನ್ನು ತಟ್ಟುತ್ತೇವೆ.

ನನ್ನ ಮಗಳಿಗೆ ಎಂಟು ವರ್ಷವಿದ್ದಾಗ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಒಂದು ವರ್ಷ ಕಬ್ಬಿಣದ ಸಿರಪ್ಪು ಕುಡಿಸಿದೆವು, ಜಂತುಹುಳದ ಮಾತ್ರೆ ಕೊಟ್ಟೆವು, ನುಗ್ಗೆಸೊಪ್ಪು, ಖರ್ಜೂರ ಎಲ್ಲ ಆಯಿತು. ಏರಲೇ ಇಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದರೆ ಎಲ್ಲರಿಗಿಂತ ಮುಂದೆ ಅವಳೇ. ಭೇದಿ ಇರಲಿಲ್ಲ, ಆಗಾಗ ಹೊಟ್ಟೆ ಉಬ್ಬರ ಅಷ್ಟೇ. ಬೇಕಾದವರೊಬ್ಬರು "ಗೋಧಿ ಬಿಡಿಸಿ ನೋಡಿ" ಅಂದರು, ಬಿಡಿಸಿದೆವು. ಎರಡು ತಿಂಗಳಲ್ಲಿ ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ಮಕ್ಕಳ ಜೀರ್ಣಾಂಗ ತಜ್ಞರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಈಗ ಚಪಾತಿ ತಿಂತಿದ್ದಾಳಾ?"

ತಿನ್ನುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹೌದೂ ಅಲ್ಲದ, ಇಲ್ಲವೂ ಅಲ್ಲದ ಸಂಖ್ಯೆ ಬಂತು. ಮತ್ತೆ ಆರು ವಾರ ದಿನಾ ಚಪಾತಿ ತಿನ್ನಿಸಿ, ಅವಳು ಹೊಟ್ಟೆ ಹಿಡಿದುಕೊಂಡು ಮಲಗುವುದನ್ನು ನೋಡಿ, ಎರಡನೇ ಸಲ ರಕ್ತ ಕೊಟ್ಟು, ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಎಂದು ಖಚಿತ ಮಾಡಿಕೊಂಡೆವು. ಆ ಆರು ವಾರ ಬೇಕಾಗಿರಲಿಲ್ಲ. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದೊಂದೇ: ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಗೋಧಿ ತಿಂದ ಕೂಡಲೇ ಮೈಮೇಲೆ ದದ್ದು ಏಳುವವರಿಗೆ, ಉಸಿರು ಕಟ್ಟುವವರಿಗೆ ಮಾತ್ರ ಈ ಮಾತು ಸಲ್ಲದು. ಅದು ಬೇರೆಯೇ ಕಾಯಿಲೆ.

ಮೂರು ತೊಂದರೆಗಳು, ಮೂರು ಬಗೆಯ ಪಥ್ಯ

"ನನಗೆ ಗೋಧಿ ಆಗಲ್ಲ" ಅನ್ನುವ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಅವುಗಳಲ್ಲಿ ಯಾವುದು ಎಂಬುದರ ಮೇಲೆ ಪಥ್ಯ ಎಷ್ಟು ಕಟ್ಟುನಿಟ್ಟಾಗಿರಬೇಕು ಎಂಬುದು ನಿಂತಿದೆ.

ಮೊದಲನೆಯದು ಸೀಲಿಯಾಕ್. ಗ್ಲುಟೆನ್ ಒಳಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವುದಕ್ಕೆಂದು ಇರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ ಇರಲೇಬೇಕೆಂದಿಲ್ಲ. ಮಾತ್ರೆಗೆ ಜಗ್ಗದ ರಕ್ತಹೀನತೆ, ಬೆಳೆಯದ ಎತ್ತರ, ಸವೆದ ಮೂಳೆ, ಕೆಲವರಲ್ಲಿ ಮೊಣಕೈ ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆ, ಹೀಗೆ ಯಾವ ರೂಪದಲ್ಲಾದರೂ ಬರಬಹುದು. ಟೈಪ್ 1 ಮಧುಮೇಹ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಔಷಧಿ ಇಲ್ಲ. ಜೀವನಪೂರ್ತಿ ಪಥ್ಯವೇ ಚಿಕಿತ್ಸೆ, ಮತ್ತು ಆ ಪಥ್ಯದಲ್ಲಿ "ಒಂಚೂರು ತಿಂದರೆ ಏನಾಗುತ್ತೆ" ಎನ್ನುವುದಕ್ಕೆ ಜಾಗವಿಲ್ಲ.

ಎರಡನೆಯದು ಗೋಧಿಯ ಅಲರ್ಜಿ. ಇದು ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ತೋರಿಸಿಕೊಳ್ಳುತ್ತದೆ: ದದ್ದು, ತುಟಿ ಊತ, ವಾಂತಿ, ಉಬ್ಬಸ. ಕೆಲವರಿಗೆ ಗೋಧಿ ತಿಂದು ಓಡಿದಾಗ, ಆಟವಾಡಿದಾಗ ಮಾತ್ರ ಬರುತ್ತದೆ. ಪ್ರಾಣಕ್ಕೆ ಅಪಾಯ ಇರುವುದು ಇದರಲ್ಲೇ ಹೆಚ್ಚು. ಅಲರ್ಜಿ ತಜ್ಞರನ್ನು ನೋಡಿ, ಚರ್ಮದ ಚುಚ್ಚು ಪರೀಕ್ಷೆ, ಐಜಿಇ ಎಂಬ ಅಲರ್ಜಿಯ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂಥವರು ಮನೆಯಲ್ಲಿ "ತಿಂದು ನೋಡೋಣ" ಅನ್ನುವ ಪ್ರಯೋಗ ಮಾಡಲೇಬಾರದು.

ಮೂರನೆಯದು, ಸೀಲಿಯಾಕೂ ಅಲ್ಲದ, ಅಲರ್ಜಿಯೂ ಅಲ್ಲದ ಅಸಹನೆ. ಹೊಟ್ಟೆ ಉಬ್ಬುತ್ತದೆ, ತಲೆ ಭಾರ, ಸುಸ್ತು. ಆದರೆ ಕರುಳಿಗೆ ಹಾನಿಯಿಲ್ಲ. ಇದನ್ನು ಹಿಡಿಯುವ ರಕ್ತ ಪರೀಕ್ಷೆಯಿಲ್ಲ. ಮೊದಲಿನ ಎರಡನ್ನೂ ತಳ್ಳಿಹಾಕಿದ ಮೇಲೆ ಉಳಿಯುವುದು ಇದು. ಇಲ್ಲಿ ತಪ್ಪಿತಸ್ಥ ಗ್ಲುಟೆನ್ನೇ ಆಗಿರಬೇಕೆಂದಿಲ್ಲ. ನಾರ್ವೆಯಲ್ಲಿ ತಾವೇ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ ಗೊತ್ತಾಗದಂತೆ ಮೂರು ಬಗೆಯ ತಿಂಡಿ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಗೋಧಿಯಲ್ಲೇ ಇರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಣಿ, ಗ್ಲುಟೆನ್ ಅಲ್ಲ. ಫ್ರಕ್ಟಾನ್ ಈರುಳ್ಳಿಯಲ್ಲಿದೆ, ಬೆಳ್ಳುಳ್ಳಿಯಲ್ಲಿದೆ. ಚಪಾತಿ ಬಿಟ್ಟು ಈರುಳ್ಳಿ ಪಲ್ಯ ಹಾಗೇ ತಿನ್ನುತ್ತಿರುವವರಿಗೆ ಪೂರ್ತಿ ಹಗುರ ಅನ್ನಿಸದಿದ್ದರೆ ಕಾರಣ ಅಲ್ಲಿರಬಹುದು. ಇವರಿಗೆ ಚೂರುಪಾರು ಗೋಧಿ ವಿಷವಲ್ಲ, ತಡೆಯುವಷ್ಟು ತಿನ್ನಬಹುದು.

ನಮ್ಮ ಕಡೆಯವರು ಒಂದು ಮಾತು ನೆನಪಿಡಬೇಕು. 2016ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23ರಷ್ಟು ಜನರ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು (ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳು) ಸಿಕ್ಕವು, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ದಿನಕ್ಕೆ ತಿನ್ನುವ ಗೋಧಿಯೂ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಇದಕ್ಕೆ ಎರಡು ಅರ್ಥ. ಅನ್ನ ಸಾರು ಉಣ್ಣುವ ನಮಗೆ ಹೊಟ್ಟೆ ಉಬ್ಬಿದರೆ ಸೀಲಿಯಾಕ್ ಇರುವುದಕ್ಕಿಂತ ಹಾಲು ಅರಗದಿರುವುದು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯ ಸೋಂಕು, ಇಂಥವೇ ಕಾರಣವಾಗಿರುವ ಸಂಭವ ಹೆಚ್ಚು. ಅದೇ ಹೊತ್ತಿಗೆ, ಇಲ್ಲಿ ಅಪರೂಪ ಎಂಬ ಕಾರಣಕ್ಕೆ ವೈದ್ಯರ ಮನಸ್ಸಿಗೆ ಅದು ಬೇಗ ಹೊಳೆಯುವುದೂ ಇಲ್ಲ. ಕಬ್ಬಿಣ ಏರದಿದ್ದರೆ "ಸೀಲಿಯಾಕ್ ಪರೀಕ್ಷೆ ಮಾಡಿಸೋಣವಾ ಡಾಕ್ಟ್ರೇ" ಎಂದು ನಾವೇ ಬಾಯಿಬಿಟ್ಟು ಕೇಳಬೇಕು. ನಾನು ಒಂದು ವರ್ಷ ಕೇಳಲಿಲ್ಲ.

ಯಾವ ಪರೀಕ್ಷೆ ಮೊದಲು

ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ ಮೊದಲು. ಖಾಲಿ ಹೊಟ್ಟೆ ಬೇಕಿಲ್ಲ. ಅದರ ಜೊತೆಗೇ ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಲು ವೈದ್ಯರನ್ನು ಕೇಳಿ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನರ ದೇಹ ಐಜಿಎಯನ್ನೇ ತಯಾರಿಸುವುದಿಲ್ಲ. ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ "ಇಲ್ಲ" ಅಂತಲೇ ಬರುತ್ತದೆ; ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ನೋಡುವ ಸೀಲಿಯಾಕ್ ಪರೀಕ್ಷೆ ಬೇಕು. ಟಿಟಿಜಿ-ಐಜಿಎ ಸಂಖ್ಯೆ ಮಿತಿಗಿಂತ ಅಲ್ಪ ಸ್ವಲ್ಪ ಮೇಲಿದ್ದರೆ ಇಎಂಎ ಎಂಬ ಇನ್ನೊಂದು ಪ್ರತಿಕಾಯವನ್ನು ನೋಡುತ್ತಾರೆ. ಅದು ಬಂದರೆ ಬಹುಮಟ್ಟಿಗೆ ಖಚಿತ.

ಈ ಪರೀಕ್ಷೆಗಳೆಲ್ಲ ಅಳೆಯುವುದು ಗೋಧಿಗೆ ದೇಹ ತೋರಿಸುವ ಸಿಟ್ಟನ್ನು. ಗೋಧಿ ನಿಂತರೆ ಸಿಟ್ಟೂ ತಣ್ಣಗಾಗುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟೆನ್ ಇರಬೇಕು. ಈಗಾಗಲೇ ಬಿಟ್ಟಿದ್ದವರು ಮತ್ತೆ ಶುರು ಮಾಡುವುದಾದರೆ ವೈದ್ಯರನ್ನು ಕೇಳಿಯೇ ಮಾಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ, ಮೈನೆರೆಯುವ ಹೊತ್ತಿನ ಮಕ್ಕಳಿಗೆ ಹಾಗೆ ಮತ್ತೆ ತಿನ್ನಿಸುವುದನ್ನು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಎಂಡೋಸ್ಕೋಪಿ ಬೇಕೋ ಬೇಡವೋ ಎಂಬುದು ಎಲ್ಲ ತಾಯಂದಿರ ಮುಂದಿನ ಪ್ರಶ್ನೆ. ಬಾಯಿಯಿಂದ ಕೊಳವೆ ಇಳಿಸಿ, ಸಣ್ಣ ಕರುಳಿನ ಆರಂಭದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾನಿ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು, ಹಾಗಾಗಿ ಒಂದು ಚೂರು ಸಾಲದು. ಕರುಳಿನ ತೀರ ಮೊದಲ ಭಾಗದಿಂದ ಒಂದೆರಡು, ಅದರಾಚೆಯಿಂದ ಕನಿಷ್ಠ ನಾಲ್ಕು ತೆಗೆಯಬೇಕು. ದೊಡ್ಡವರಲ್ಲಿ ಇದನ್ನು ತಪ್ಪಿಸದಿರುವುದೇ ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಜೀವನವಿಡೀ ಪಥ್ಯ ಮಾಡುವವರ ಕೈಯಲ್ಲಿ ಪಕ್ಕಾ ಕಾಗದ ಇರಬೇಕು. ನಮ್ಮಲ್ಲಿ ಕರುಳಿನ ಎಳೆಗಳನ್ನು ಸವೆಸುವ ಬೇರೆ ಕಾಯಿಲೆಗಳೂ ಇವೆ. ಉಷ್ಣವಲಯದ ಸ್ಪ್ರೂ ಎಂಬ ಕರುಳಿನ ಕಾಯಿಲೆ ದಕ್ಷಿಣ ಭಾರತಕ್ಕೆ ಹೊಸದಲ್ಲ, ಅದಕ್ಕೆ ಆಂಟಿಬಯಾಟಿಕ್ ಮತ್ತು ಫೋಲಿಕ್ ಆಮ್ಲದ ಚಿಕಿತ್ಸೆ, ಗೋಧಿ ಬಿಟ್ಟರೆ ಹೋಗುವುದಿಲ್ಲ. ಮಕ್ಕಳಲ್ಲಿ ಮಾತ್ರ ಒಂದು ವಿನಾಯಿತಿ ಇದೆ. ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಟಿಟಿಜಿ-ಐಜಿಎ ಮಾಮೂಲು ಮಿತಿಯ ಹತ್ತು ಪಟ್ಟು ಅಥವಾ ಹೆಚ್ಚಿದ್ದು, ಬೇರೆ ಸಲ ತೆಗೆದ ರಕ್ತದಲ್ಲಿ ಇಎಂಎ ಕೂಡ ಇದ್ದರೆ ಎಂಡೋಸ್ಕೋಪಿ ಇಲ್ಲದೆಯೂ ತೀರ್ಮಾನಿಸಬಹುದು. ನಮ್ಮ ಮಗಳಿಗೆ ಎರಡನೇ ಸಲ ಬಂದ ಸಂಖ್ಯೆ ಹಾಗಿತ್ತು, ಕೊಳವೆ ತಪ್ಪಿತು.

ಜೀನ್ ಪರೀಕ್ಷೆ ಹೇಳುವುದು "ಇಲ್ಲ" ಎಂಬುದನ್ನು ಮಾತ್ರ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನುಗಳು ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಇದ್ದರೆ ಏನೂ ತೀರ್ಮಾನವಾಗದು; ಕಾಯಿಲೆಯೇ ಇಲ್ಲದ ಎಷ್ಟೋ ಜನರಲ್ಲಿ ಅವಿರುತ್ತವೆ. ಗೋಧಿ ತಿನ್ನುತ್ತಿದ್ದರೂ ಬಿಟ್ಟಿದ್ದರೂ ಫಲಿತಾಂಶ ಬದಲಾಗದು, ಹಾಗಾಗಿ ವರ್ಷಗಟ್ಟಲೆ ಹಿಂದೆಯೇ ಗೋಧಿ ಬಿಟ್ಟು, ಮತ್ತೆ ತಿನ್ನಲು ಹೆದರುವವರಿಗೆ ಇದು ಉಪಯೋಗ.

ಇನ್ನೂರು ಆಹಾರಗಳ ಪಟ್ಟಿ ಕೊಟ್ಟು ಯಾವುದು ಒಗ್ಗದು ಎಂದು ಕೆಂಪು ಹಸಿರಿನಲ್ಲಿ ತೋರಿಸುವ ಐಜಿಜಿ ಆಹಾರ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆ ಪ್ರತಿಕಾಯ ಹೇಳುವುದು ನೀವು ಅದನ್ನು ತಿಂದಿದ್ದೀರಿ ಎಂದಷ್ಟೇ. ಅಮೆರಿಕ, ಯುರೋಪ್, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದೇ ಹೇಳಿವೆ.

ಹಿಟ್ಟು ಎಲ್ಲಿಂದ

ಕಾಯಿಲೆ ಖಚಿತವಾದ ದಿನ ನನಗೆ ಒಳಗೊಳಗೇ ಸಮಾಧಾನವೂ ಇತ್ತು. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಅಕ್ಕಿ ಇಷ್ಟೆಲ್ಲ ಇರುವ ನಾಡಿನಲ್ಲಿ ಗೋಧಿ ಬಿಡುವುದೇನು ಮಹಾ ಎಂದುಕೊಂಡೆ. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಸಂಖ್ಯೆ ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಆಹಾರ ತಜ್ಞೆ ಅಡುಗೆಮನೆಯ ಡಬ್ಬಿಗಳ ಫೋಟೋ ಕಳಿಸಲು ಹೇಳಿದರು. ಅವರು ಮೊದಲು ಬೆರಳಿಟ್ಟದ್ದು ಇಂಗಿನ ಡಬ್ಬಿಯ ಮೇಲೆ. ಅಂಗೈಯಲ್ಲಿ ಅಡಗುವ ಡಬ್ಬಿ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರೆ ಹಿಂಬದಿಯ ಚೀಟಿಯಲ್ಲಿ ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು ಎಂದಿತ್ತು. ಅಪ್ಪಟ ಇಂಗು ಬಲು ಖಾರ, ಅದಕ್ಕೇ ಹಿಟ್ಟಿನಲ್ಲಿ ಬೆರೆಸಿ ಮಾರುತ್ತಾರೆ. ಅಕ್ಕಿ ಹಿಟ್ಟಿನಲ್ಲಿ ಬೆರೆಸಿದ್ದೂ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತಗೊಳ್ಳಬೇಕು.

ಇಂಗಿನ ಪಾಲು ಚಿಕ್ಕದು. ದೊಡ್ಡ ಪಾಲು ಗಿರಣಿಯದ್ದು.

ರಾಗಿ ತೊಳೆದು ಒಣಗಿಸಿ ನಾನೇ ಗಿರಣಿಗೆ ಒಯ್ಯುತ್ತಿದ್ದೆ. ನಮ್ಮ ಮುಂದಿನವರ ಗೋಧಿ ಮುಗಿದ ಕೂಡಲೇ ಗಿರಣಿಯವರು ಬಾಯಿಯ ಬಟ್ಟೆಚೀಲಕ್ಕೆ ಎರಡು ಏಟು ಕೊಟ್ಟು ನಮ್ಮ ರಾಗಿ ಸುರಿಯುತ್ತಿದ್ದರು. ಮೊದಲು ಬೀಳುವ ರಾಗಿ ಹಿಟ್ಟು ಬೆಳ್ಳಗಿರುತ್ತಿತ್ತು, ಆಮೇಲೆ ಬಣ್ಣ ತಿರುಗುತ್ತಿತ್ತು. ಅದನ್ನು ವರ್ಷಗಟ್ಟಲೆ ನೋಡಿದ್ದೇನೆ, ಅರ್ಥ ಹೊಳೆದಿರಲಿಲ್ಲ. ಲೆಕ್ಕ ಹಾಕಿ ನೋಡಿ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಕಲ್ಲಿನ ಸಂದಿಯಲ್ಲಿ, ಚೀಲದಲ್ಲಿ 10 ಗ್ರಾಂ ಗೋಧಿ ಹಿಟ್ಟು ಉಳಿದು ನಿಮ್ಮ 2 ಕಿಲೋ ರಾಗಿಗೆ ಬೆರೆತರೆ ಕಿಲೋಗೆ 500 ಮಿಲಿಗ್ರಾಂ ಗ್ಲುಟೆನ್ ಆಯಿತು. ಗ್ಲುಟೆನ್ ಫ್ರೀ ಎಂದು ಬರೆಯಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅದರ ಇಪ್ಪತ್ತೈದು ಪಟ್ಟು! 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 40 ಮಿಲಿಗ್ರಾಂ. ಸೀಲಿಯಾಕ್ ಇರುವ ಬಹುತೇಕರ ಕರುಳು ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ತಡೆದುಕೊಳ್ಳುತ್ತದೆ. 50 ಮಿಲಿಗ್ರಾಂ ಮೂರು ತಿಂಗಳು ಹೋದರೆ ಹಾನಿಯಾಗುತ್ತದೆ ಎಂಬುದು ಇಟಲಿಯ ಪ್ರಯೋಗವೊಂದರಲ್ಲಿ ಕಂಡಿದೆ.

ಹಾಗಾದರೆ ಎಲ್ಲಿಂದ ತರುವುದು? ಮೂರು ದಾರಿಗಳನ್ನೂ ನಾವು ನೋಡಿದ್ದೇವೆ. ಗ್ಲುಟೆನ್ ಫ್ರೀ ಎಂದು ಬರೆದ ಪೊಟ್ಟಣದ ಹಿಟ್ಟು ಸುಲಭ, ದುಬಾರಿ, ದಿನಾ ಮುದ್ದೆ ಉಣ್ಣುವ ಮನೆಗೆ ಭಾರ. ಕೇವಲ "ರಾಗಿ ಹಿಟ್ಟು" ಎಂದಿರುವ ಪೊಟ್ಟಣ ಗೋಧಿ ಬೀಸುವ ಯಂತ್ರದಲ್ಲೇ ಬೀಸಿದ್ದಾಗಿರಬಹುದು, ಹಿಂಬದಿಯ ಅಲರ್ಜಿ ಸೂಚನೆ ಓದಬೇಕು. ಮನೆಯಲ್ಲಿಡುವ ಚಿಕ್ಕ ಗಿರಣಿ ಒಂದೇ ಸಲದ ಖರ್ಚು; ಅದರಲ್ಲಿ ಒಂದು ದಿನವೂ ಗೋಧಿ ಹಾಕಬಾರದು, ಹಾಗಾಗಿ ಹಳೆಯದನ್ನು ಕೊಳ್ಳಬೇಡಿ. ನಾವು ಕಡೆಗೆ ಆರಿಸಿಕೊಂಡದ್ದು ಅದನ್ನೇ. ದಿನಾ ರೊಟ್ಟಿ, ಮುದ್ದೆ ಮಾಡುವವರಿಗೆ ನಾನು ಹೇಳುವುದೂ ಅದನ್ನೇ. ಇನ್ನೊಂದು ಮಾತು, ಕಾಳನ್ನು ತಟ್ಟೆಯಲ್ಲಿ ಹರಡಿ ಆರಿಸಿ. ಜೋಳದಲ್ಲಿ, ನವಣೆಯಲ್ಲಿ ಗೋಧಿಕಾಳು ಸಿಗುತ್ತದೆ. ನನಗೆ ಸಿಕ್ಕಿದೆ.

ಪಕ್ಕದ ಗಿರಣಿಯವರನ್ನು ಬೆಳಗ್ಗೆ ಮೊದಲು ನಮ್ಮದನ್ನೇ ಬೀಸಿಕೊಡಿ ಎಂದು ಕೇಳಿಕೊಳ್ಳುವವರಿದ್ದಾರೆ. ಹಿಂದಿನ ರಾತ್ರಿಯ ಗೋಧಿ ಅಲ್ಲೇ ಇರುತ್ತದೆ. ಅಸಹನೆ ಮಾತ್ರ ಇರುವವರಿಗೆ ಅದು ಸಾಕು, ಸೀಲಿಯಾಕ್‌ಗೆ ಸಾಲದು.

ಹೆಸರು ನೋಡಿ ಮೋಸಹೋಗುವುದು

ಇಡ್ಲಿ ರವೆ ಅಕ್ಕಿಯದು, ರವೆ ಇಡ್ಲಿ ಗೋಧಿಯದು. ಪದ ಹಿಂದೆಮುಂದಾದರೆ ಮಗು ಒಂದು ವಾರ ನರಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅದೇ ಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್ಲೆಂಡ್ಸಿನಲ್ಲಿ ಬ್ರೆಡ್ಡೇ ಸಿಗದಂಥ ಬರ ಬಂತು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು ಗೋಧಿಯೇ ಸೀಲಿಯಾಕ್ ಕಾಯಿಲೆಯ ಮೂಲ ಎಂದು ಮೊದಲೇ ಶಂಕಿಸಿದ್ದರು. ಆ ಬರಗಾಲದಲ್ಲಿ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡು, ಬ್ರೆಡ್ ಮರಳಿದಾಗ ಮತ್ತೆ ಕುಸಿದದ್ದು ಅವರ ಶಂಕೆಗೆ ಬಲ ಕೊಟ್ಟಿತು. 1950ರಲ್ಲಿ ಅದನ್ನೇ ಪ್ರಬಂಧವಾಗಿ ಮಂಡಿಸಿದರು.

ಉತ್ತರ ಕರ್ನಾಟಕದವರು ಹುಗ್ಗಿಗೆ ಹಾಕುವ ಜವೆಗೋಧಿ, ಈಗ ಕಪ್ಲಿ ಎಂದು ಹೆಚ್ಚಿನ ಬೆಲೆಗೆ ಮಾರುವುದು, "ಹಳೇ ತಳಿ, ಗ್ಲುಟೆನ್ ತೊಂದರೆಯಿಲ್ಲ" ಎಂಬ ಮಾತಿನೊಂದಿಗೆ ಬರುತ್ತದೆ. ಅದು ಗೋಧಿಯೇ, ಗ್ಲುಟೆನ್ ಇದೆ, ಸೀಲಿಯಾಕ್ ಇರುವವರಿಗೆ ವರ್ಜ್ಯ. ಮನೆಯ ರಾಗಿ ಮಾಲ್ಟ್ ಸರಿ. ಹಾಲಿಗೆ ಹಾಕಿ ಕುಡಿಯುವ ಡಬ್ಬಿಯ ಮಾಲ್ಟ್ ಪುಡಿ ಸಾಮಾನ್ಯವಾಗಿ ಬಾರ್ಲಿಯದು. ಒತ್ತು ಶ್ಯಾವಿಗೆ ಅಕ್ಕಿಯದು, ಪಾಯಸಕ್ಕೆ ಹುರಿಯುವ ಶ್ಯಾವಿಗೆ ಗೋಧಿಯದು. ರಾಗಿ ಬಿಸ್ಕತ್ತಿನಲ್ಲಿ ಗೋಧಿಯೇ ಹೆಚ್ಚು ಇರುವುದುಂಟು. "ಮೈದಾ ಇಲ್ಲ", "ಮಲ್ಟಿಗ್ರೇನ್" ಎಂಬ ಬರಹಗಳಿಗೂ ಗ್ಲುಟೆನ್‌ಗೂ ಸಂಬಂಧವಿಲ್ಲ. ಕೋಡುಬಳೆ, ನಿಪ್ಪಟ್ಟು ಅಕ್ಕಿ ಹಿಟ್ಟಿನವೆಂದು ನಂಬಬೇಡಿ, ಗರಿಗರಿಗೆ ರವೆ ಮೈದಾ ಹಾಕುತ್ತಾರೆ. ಮದ್ದೂರು ವಡೆ, ಗೋಳಿಬಜೆ, ಬನ್ಸ್ ಕೇಳಲೇಬೇಡಿ. ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ. ಓಟ್ಸ್ ತಾನಾಗಿ ಹೆಚ್ಚಿನವರಿಗೆ ಒಗ್ಗಿದರೂ ಮಾಮೂಲಿ ಪೊಟ್ಟಣದ್ದರಲ್ಲಿ ಗೋಧಿ, ಬಾರ್ಲಿ ಬೆರೆತಿರುತ್ತದೆ. ಮೊದಲ ವರ್ಷ ಅದನ್ನು ಮುಟ್ಟದಿರುವುದು ಮೇಲು.

ಹೊರಗೆ ಉಣ್ಣುವಾಗ

ಹೋಟೆಲಿನಲ್ಲಿ ಇಡ್ಲಿ ಮತ್ತು ದೋಸೆಯ ನಡುವೆ ನಾನು ಇಡ್ಲಿಯನ್ನೇ ಆರಿಸುತ್ತೇನೆ. ದೋಸೆ ಹಿಟ್ಟು ಅಕ್ಕಿ ಉದ್ದಿನದೇ ಆದರೂ ಕಾವಲಿಯ ಮೇಲೆ ಹಿಂದಿನದು ರವೆ ದೋಸೆಯೋ ಪರೋಟವೋ ಆಗಿರುತ್ತದೆ. ಕರಿದದ್ದು ಬೇಡ, ಪೂರಿ ಕರಿದ ಎಣ್ಣೆಯಲ್ಲೇ ಎಲ್ಲವೂ. ಸಾಂಬಾರಿಗಿಂತ ಮೊಸರು ವಾಸಿ, ಅದರಲ್ಲಿ ಇಂಗಿನ ಪ್ರಶ್ನೆ ಬರುವುದಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಕೇಳುವ ಮುಂಚೆ ಅದೇ ಹಲಗೆಯ ಮೇಲೆ ಚಪಾತಿ ಲಟ್ಟಿಸುತ್ತಾರಾ ಎಂದು ವಿಚಾರಿಸಿ.

ಹೆಚ್ಚು ಕಷ್ಟ ಪೂಜೆಯ ಮನೆಗಳಲ್ಲಿ. ಸತ್ಯನಾರಾಯಣ ಪೂಜೆಯ ಸಪಾದ ರವೆಯದು. "ದೇವರ ಪ್ರಸಾದ, ಒಂದು ಕಾಳು ಬಾಯಿಗೆ ಹಾಕಿಕೋ ಪುಟ್ಟಿ" ಎಂದು ಅಜ್ಜಿ ಪ್ರೀತಿಯಿಂದ ಕೈ ಮುಂದೆ ಮಾಡಿದಾಗ ಮಗು ನನ್ನ ಮುಖ ನೋಡುತ್ತದೆ. ಈಗ ನಾನು ಮುಂಚಿತವಾಗಿ ಫೋನ್ ಮಾಡಿ ನೈವೇದ್ಯಕ್ಕೆ ಇಟ್ಟ ಬಾಳೆಹಣ್ಣು, ಪಂಚಕಜ್ಜಾಯ ಅವಳಿಗೆಂದು ಬೇರೆ ಎತ್ತಿಡಲು ಹೇಳುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ. ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನೇ ನೇರವಾಗಿ ಕಾಣುವುದು ಒಳ್ಳೆಯದು. "ಅಲರ್ಜಿ" ಅಂದರೆ ಅವರಿಗೆ ಬೇಗ ತಿಳಿಯುತ್ತದೆ, ಸೀಲಿಯಾಕ್ ಎಂದು ವಿವರಿಸಲು ಹೋಗಬೇಡಿ.

ಮನೆಯಲ್ಲಿ ಎಲ್ಲರಿಗೂ ಪಥ್ಯವೋ, ಒಬ್ಬರಿಗೋ

ಒಡಹುಟ್ಟಿದವರಿಗೂ ತಂದೆತಾಯಿಗೂ ರಕ್ತ ಪರೀಕ್ಷೆ ಮಾಡಿಸಲೇಬೇಕು. ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸಿಗೆ ಇದು ಇರಬಹುದು. ಅವಳ ತಮ್ಮನಿಗೆ, ನಮಗೆ ಸದ್ಯ ಇಲ್ಲ. ಇಡೀ ಮನೆ ಗೋಧಿ ಬಿಟ್ಟರೆ ತಪ್ಪಾಗುವ ಭಯ ಕಡಿಮೆ, ಆದರೆ ಪರೀಕ್ಷೆ ಮತ್ತೆ ಮಾಡಿಸಬೇಕಾದ ತಮ್ಮ ಗೋಧಿ ತಿನ್ನುತ್ತಲೇ ಇರಬೇಕು. ಹಾಗಾಗಿ ಎರಡೂ ಇಟ್ಟುಕೊಂಡಿದ್ದೇವೆ. ಚಪಾತಿ ಮಣೆ, ಲಟ್ಟಣಿಗೆ, ಜರಡಿ, ಬ್ರೆಡ್ ಟೋಸ್ಟರ್ ಹಂಚಿಕೊಳ್ಳಬಾರದು. ಇವುಗಳಿಂದ ಹಿಟ್ಟು ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಪಾತ್ರೆಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಬೆಣ್ಣೆ, ಜಾಮ್, ಉಪ್ಪಿನಕಾಯಿ ಡಬ್ಬಿಗಳು ಅವಳಿಗೆ ಬೇರೆ, ಬ್ರೆಡ್ಡಿನ ಚೂರು ಅಂಟಿದ ಚಮಚ ಮುಟ್ಟದಂಥವು. ಮೊದಲು ಅವಳ ರೊಟ್ಟಿ, ಆಮೇಲೆ ಉಳಿದವರ ಚಪಾತಿ.

ಅವಳ ಡಬ್ಬಿಗಳೆಲ್ಲ ಮೇಲಿನ ಹಲಗೆಯಲ್ಲಿವೆ, ಗೋಧಿ ಕೆಳಗೆ. ಹಿಟ್ಟು ಉದುರುವುದು ಕೆಳಗೇ ತಾನೇ. ಕಳೆದ ಸಲ ಟಿಟಿಜಿ ಮಾಮೂಲು ಮಿತಿಯೊಳಗೆ ಬಂತು, ಹಿಮೋಗ್ಲೋಬಿನ್ 12 ಮುಟ್ಟಿತು. ಮೇಲಿನ ಹಲಗೆಗೆ ಅವಳ ಕೈ ಎಟುಕುತ್ತಿರಲಿಲ್ಲ, ನಾನೇ ಇಳಿಸಿಕೊಡುತ್ತಿದ್ದೆ. ಮೊನ್ನೆಯಿಂದ ತುದಿಗಾಲಲ್ಲಿ ನಿಂತು ತಾನೇ ತೆಗೆದುಕೊಳ್ಳುತ್ತಿದ್ದಾಳೆ.